ಯೆಲ್ಲಾ ಲೆಪ್‌ಮನ್: ಮಕ್ಕಳ ಓದನ್ನೇ ವೃತ್ತಿಯಾಗಿಸಿಕೊಂಡ ಬದುಕು

ಏಪ್ರಿಲ್ 2 ಡೆನ್ಮಾರ್ಕಿನ ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಹುಟ್ಟಿದ ದಿನ. 1967ರಿಂದ ಈ ದಿನವನ್ನು ಅಂತಾರಾಷ್ಟ್ರೀಯ ಮಕ್ಕಳ ಪುಸ್ತಕ ದಿನವಾಗಿ ಆಚರಿಸಲಾಗುತ್ತಿದೆ. ಆಂಡರ್ಸನ್ ಕಥೆಗಳು ನಮಗೆಲ್ಲ ಗೊತ್ತು. ಆದರೆ ಈ ಆಚರಣೆಯನ್ನು ಪ್ರಪಂಚಕ್ಕೆ ಕೊಟ್ಟ ಸಂಸ್ಥೆಯನ್ನು ಕಟ್ಟಿದವರ ಹೆಸರು ನಮ್ಮ ಬಿ.ಇಡಿ. ತರಗತಿಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಫ್ರೋಬೆಲ್, ಮಾಂಟೆಸ್ಸರಿ, ಗಿಜುಭಾಯಿ, ಟ್ಯಾಗೋರ್ ಇವರನ್ನು ಪರೀಕ್ಷೆಗೆ ಓದುತ್ತೇವೆ. ಯೆಲ್ಲಾ ಲೆಪ್‌ಮನ್ ಶಿಕ್ಷಣ ತಜ್ಞೆಯಾಗಿರಲಿಲ್ಲ, ಶಿಕ್ಷಕಿಯೂ ಆಗಿರಲಿಲ್ಲ, ಗ್ರಂಥಾಲಯ ವಿಜ್ಞಾನದಲ್ಲಿ ತರಬೇತಿ ಪಡೆದವರೂ ಅಲ್ಲ. ಆದರೂ ಮಕ್ಕಳ ಕೈಗೆ ಪುಸ್ತಕ ಕೊಡುವುದು ಪೂರ್ಣಾವಧಿಯ ಕೆಲಸ, ಅದಕ್ಕೆಂದೇ ಒಬ್ಬರು ಇರಬೇಕು ಎಂಬುದನ್ನು ಅವರ ಜೀವನ ತೋರಿಸಿಕೊಡುತ್ತದೆ. ವಿಜ್ಞಾನದ ಪ್ರಶಿಕ್ಷಣಾರ್ಥಿಯಾದ ನಾನು ಅವರ ಬಗ್ಗೆ ಬರೆಯಲು ಇದೇ ಕಾರಣ.

ಬಾಲ್ಯ ಮತ್ತು ಮೊದಲ ವಾಚನಾಲಯ

ಯೆಲ್ಲಾ 1891ರ ಮೇ 15ರಂದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಹುಟ್ಟಿದರು. ತಂದೆ ಬಟ್ಟೆ ಉದ್ಯಮಿ. ಮನೆಯಲ್ಲಿ ಅನುಕೂಲವಿತ್ತು, ಪುಸ್ತಕಗಳಿಗೂ ಕೊರತೆಯಿರಲಿಲ್ಲ. ಮೂವರು ಹೆಣ್ಣುಮಕ್ಕಳಲ್ಲಿ ಇವರೇ ಹಿರಿಯರು.

ಸ್ಟುಟ್‌ಗಾರ್ಟಿನಲ್ಲಿ ವಾಲ್ಡೋರ್ಫ್ ಆಸ್ಟೋರಿಯಾ ಎಂಬ ಸಿಗರೇಟು ಕಾರ್ಖಾನೆ ಇತ್ತು. ಹೊರದೇಶಗಳಿಂದ ಬಂದ ಕೂಲಿಕಾರರೂ ಅಲ್ಲಿ ದುಡಿಯುತ್ತಿದ್ದರು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಅವರ ಮಕ್ಕಳಿಗೆ ಹೋಗಲು ಜಾಗವಿರಲಿಲ್ಲ, ಊರಿನ ಭಾಷೆಯೂ ಸರಿಯಾಗಿ ಬರುತ್ತಿರಲಿಲ್ಲ. 1908ರಲ್ಲಿ, ತಮ್ಮ 17ನೇ ವಯಸ್ಸಿನಲ್ಲಿ, ಯೆಲ್ಲಾ ಈ ಮಕ್ಕಳಿಗಾಗಿ ಒಂದು ಅಂತಾರಾಷ್ಟ್ರೀಯ ವಾಚನಾಲಯವನ್ನು ಆರಂಭಿಸಿದರು. ನಮ್ಮಲ್ಲಿ ಪಿಯುಸಿ ಓದುವ ವಯಸ್ಸು ಅದು. ಮುಂದೆ ನಲವತ್ತು ವರ್ಷಗಳ ಬಳಿಕ ಅವರು ಕಟ್ಟಿದ ದೊಡ್ಡ ಗ್ರಂಥಾಲಯದ ಬೀಜ ಇಲ್ಲೇ ಇದೆ. ಒಂದೇ ಕೋಣೆ, ಬೇರೆ ಬೇರೆ ಭಾಷೆಯ ಮಕ್ಕಳು, ಅವರಿಗೆ ಹೊಂದುವ ಪುಸ್ತಕ.

ಪತ್ರಕರ್ತೆಯಾಗಿ

1913ರಲ್ಲಿ ಅವರು ಜರ್ಮನ್ ಅಮೆರಿಕನ್ ಉದ್ಯಮಿ ಗುಸ್ತಾವ್ ಲೆಪ್‌ಮನ್ ಅವರನ್ನು ಮದುವೆಯಾದರು. ಮಗಳು, ಮಗ ಹುಟ್ಟಿದರು. ಮೊದಲ ಮಹಾಯುದ್ಧ ಮುಗಿದು ಕೆಲವೇ ವರ್ಷಗಳಲ್ಲಿ, 1922ರಲ್ಲಿ, ಪತಿ ತೀರಿಕೊಂಡರು. ಮೂವತ್ತೊಂದರ ವಯಸ್ಸಿನ ವಿಧವೆ, ಕೈಯಲ್ಲಿ ಎರಡು ಮಕ್ಕಳು. ಆಗ ಅವರು ಕೆಲಸ ಹುಡುಕಿಕೊಂಡರು. ಸ್ಟುಟ್‌ಗಾರ್ಟಿನ ಒಂದು ದೊಡ್ಡ ದಿನಪತ್ರಿಕೆಯ ಸಂಪಾದಕ ಮಂಡಲಿಗೆ ಸೇರಿದ ಮೊದಲ ಮಹಿಳೆ ಅವರು. ಮಹಿಳೆಯರಿಗಾಗಿ ಪುರವಣಿ ತಂದರು. ಜೊತೆಗೆ ಮಕ್ಕಳಿಗಾಗಿ ಕಥೆಪುಸ್ತಕವನ್ನೂ ನಾಟಕವನ್ನೂ ಬರೆದರು.

ಪತ್ರಿಕೆಯ ಕೆಲಸ ಅವರಿಗೆ ಮುಂದೆ ಬಹಳ ಉಪಯೋಗಕ್ಕೆ ಬಂತು. ಪತ್ರ ಬರೆಯುವುದು, ದೊಡ್ಡವರನ್ನು ಭೇಟಿಯಾಗಿ ಕೆಲಸ ಮಾಡಿಸಿಕೊಳ್ಳುವುದು, ಗಡುವಿನೊಳಗೆ ಮುಗಿಸುವುದು ಇವೆಲ್ಲ ಅಲ್ಲಿ ಕಲಿತ ಪಾಠಗಳು. ಮಕ್ಕಳ ಓದಿನ ಕಾರ್ಯಕ್ರಮ ನಡೆಸಲು ಪುಸ್ತಕಪ್ರೀತಿಯೊಂದೇ ಸಾಲದು, ಈ ಕೌಶಲಗಳೂ ಬೇಕು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ಎಂಬ ಕಾರಣಕ್ಕೆ ಯೆಲ್ಲಾ ಸಂಪಾದಕಿಯ ಹುದ್ದೆ ಕಳೆದುಕೊಂಡರು. ಅದೇ ವರ್ಷ ಮೇ 10ರಂದು ಬರ್ಲಿನ್ನಿನಲ್ಲೂ ಇತರ ವಿಶ್ವವಿದ್ಯಾಲಯ ನಗರಗಳಲ್ಲೂ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ಮಕ್ಕಳ ಪ್ರೀತಿಯ ಲೇಖಕ ಎರಿಕ್ ಕೆಸ್ಟ್ನರ್ ತಮ್ಮ ಪುಸ್ತಕಗಳು ಸುಡುವುದನ್ನು ಬರ್ಲಿನ್ನಿನಲ್ಲಿ ಜನರ ಗುಂಪಿನಲ್ಲಿ ನಿಂತು ಸ್ವತಃ ನೋಡಿದರು. ಆ ವರ್ಷ ಹುಟ್ಟಿದ ಮಗು ಯುದ್ಧ ಮುಗಿಯುವ ಹೊತ್ತಿಗೆ ಹನ್ನೆರಡು ವರ್ಷದ್ದು. ಆ ಮಗುವಿನ ಪೂರ್ತಿ ಶಾಲಾ ಓದು ಒಂದೇ ಪಕ್ಷದ, ಒಂದೇ ದ್ವೇಷದ ಓದು. ಲೆಪ್‌ಮನ್ ಮುಂದೆ ಮಾಡಿದ ಕೆಲಸದ ಬೆಲೆ ತಿಳಿಯಬೇಕಾದರೆ ಈ ಹಿನ್ನೆಲೆಯನ್ನು ನೆನಪಿಡಬೇಕು.

1936ರಲ್ಲಿ ಅವರು ದೇಶ ಬಿಟ್ಟು ಇಟಲಿಯ ಮೂಲಕ ಇಂಗ್ಲೆಂಡಿಗೆ ಹೋದರು. ಜರ್ಮನಿ ಅವರ ಪೌರತ್ವವನ್ನೇ ಕಿತ್ತುಕೊಂಡಿತು. ಲಂಡನ್ನಿನಲ್ಲಿ ಬಿಬಿಸಿಯಲ್ಲೂ ಆಮೇಲೆ ಯುರೋಪಿಗೆ ಪ್ರಸಾರ ಮಾಡುತ್ತಿದ್ದ ಅಮೆರಿಕದ ರೇಡಿಯೊ ಕೇಂದ್ರದಲ್ಲೂ ದುಡಿದರು.

ಹೊರಹಾಕಿದ ದೇಶಕ್ಕೆ ಮರಳಿ

1945ರಲ್ಲಿ ಯುದ್ಧ ಮುಗಿಯಿತು. ಸೋತ ಜರ್ಮನಿಯನ್ನು ನಾಲ್ಕು ದೇಶಗಳು ಹಂಚಿಕೊಂಡು ಆಳುತ್ತಿದ್ದವು. ಅಮೆರಿಕದ ಸೇನೆ ತನ್ನ ವಲಯದಲ್ಲಿ ಮಹಿಳೆಯರ ಮತ್ತು ಮಕ್ಕಳ ಸಾಂಸ್ಕೃತಿಕ ಹಾಗೂ ಶೈಕ್ಷಣಿಕ ವಿಷಯಗಳಿಗೆ ಸಲಹೆಗಾರರಾಗಿ ಬರಲು ಲೆಪ್‌ಮನ್ ಅವರನ್ನು ಕೇಳಿತು. ತಮ್ಮವರನ್ನು ಕೊಂದ, ತಮ್ಮನ್ನು ಓಡಿಸಿದ ನಾಡಿಗೆ ಮತ್ತೆ ಹೋಗಬೇಕೇ ಎಂದು ಅವರು ಹಿಂದೆಮುಂದೆ ನೋಡಿದರು. ಕೊನೆಗೆ ಮಕ್ಕಳಿಗಾಗಿ ಒಪ್ಪಿಕೊಂಡರು. ದೊಡ್ಡವರು ಮಾಡಿದ ಯುದ್ಧಕ್ಕೆ ಮಕ್ಕಳು ಹೊಣೆಯಲ್ಲ ಎಂಬುದು ಅವರ ನಿಲುವಾಗಿತ್ತು. ಅಕ್ಟೋಬರ್ ತಿಂಗಳ ಕೊನೆಯಲ್ಲಿ ಅಮೆರಿಕದ ಸೇನಾ ಸಮವಸ್ತ್ರದಲ್ಲಿ ಅವರು ಜರ್ಮನಿಗೆ ಬಂದಿಳಿದರು. ಆಗ ಅವರಿಗೆ 54 ವರ್ಷ.

ಜೀಪಿನಲ್ಲಿ ಊರೂರು ಸುತ್ತಿದರು. ನಗರಗಳು ಬಾಂಬಿಗೆ ಕುಸಿದು ಇಟ್ಟಿಗೆ ರಾಶಿಯಾಗಿದ್ದವು. ಮಕ್ಕಳು ನೆಲಮಾಳಿಗೆಗಳಲ್ಲಿ ವಾಸವಾಗಿದ್ದರು, ಬೀದಿಯಲ್ಲಿ ಸೈನಿಕರ ಹಿಂದೆ ತಿನಿಸಿಗಾಗಿ ಓಡುತ್ತಿದ್ದರು. ಶಾಲೆಗಳಲ್ಲಿ ನಾಜಿ ಪಠ್ಯಗಳನ್ನು ತೆಗೆದುಹಾಕಿದ್ದರು, ಆ ಜಾಗಕ್ಕೆ ಬೇರೆ ಪುಸ್ತಕಗಳು ಬಂದಿರಲಿಲ್ಲ. ಮುದ್ರಿಸೋಣವೆಂದರೆ ಕಾಗದವೇ ಇಲ್ಲ. ಹೊಟ್ಟೆಗಿಲ್ಲದ ಮಕ್ಕಳಿಗೆ ಪುಸ್ತಕ ಯಾಕೆ ಎಂದು ಯಾರಿಗಾದರೂ ಅನಿಸಬಹುದಿತ್ತು. ಊಟ, ಬಟ್ಟೆ, ಔಷಧಿ ಬೇಡವೆಂದು ಲೆಪ್‌ಮನ್ ಹೇಳಲಿಲ್ಲ. ಅವುಗಳ ಜೊತೆಗೇ ಪುಸ್ತಕವೂ ಬರಬೇಕು, ಹೊಟ್ಟೆ ತುಂಬಿದ ಮೇಲೆ ನೋಡೋಣವೆಂದು ಕಾದರೆ ಹೊತ್ತು ಮೀರುತ್ತದೆ ಎಂಬುದು ಅವರ ವಾದ.

ಇಪ್ಪತ್ತು ದೇಶಗಳಿಗೆ ಪತ್ರ

ಹಣವಿರಲಿಲ್ಲ. ಅವರು ಮಾಡಿದ್ದು ಪತ್ರ ಬರೆಯುವ ಕೆಲಸ. ಇಪ್ಪತ್ತು ದೇಶಗಳಿಗೆ ಪತ್ರ ಹೋಯಿತು. ನಿಮ್ಮ ದೇಶದ ಒಳ್ಳೆಯ ಮಕ್ಕಳ ಪುಸ್ತಕಗಳನ್ನು, ಭಾಷೆ ಗೊತ್ತಿಲ್ಲದ ಮಕ್ಕಳೂ ನೋಡಿ ಅರ್ಥಮಾಡಿಕೊಳ್ಳುವಂಥ ಚಿತ್ರಪುಸ್ತಕಗಳನ್ನು, ಮಕ್ಕಳೇ ಬರೆದ ಚಿತ್ರಗಳನ್ನು ಕಳಿಸಿ, ಶಾಂತಿಯ ಮೊದಲ ದೂತರಾಗಿ ಅವು ಇಲ್ಲಿಗೆ ಬರಲಿ ಎಂಬುದು ಪತ್ರದ ಸಾರ. ಪತ್ರ ತಲುಪಿದ ದೇಶಗಳಲ್ಲಿ ಹಲವು ಜರ್ಮನಿಯಿಂದಲೇ ನೊಂದವು. ಶತ್ರುವಿನ ಮಕ್ಕಳಿಗೆ ಉಡುಗೊರೆ ಕೊಡಿ ಎಂದು ಕೇಳಿದ ಹಾಗಾಯಿತು. ಆದರೂ ಒಂದೊಂದಾಗಿ ಪೆಟ್ಟಿಗೆಗಳು ಬಂದವು.

ಬೆಲ್ಜಿಯಂ ಮಾತ್ರ ಆಗುವುದಿಲ್ಲವೆಂದಿತು. ಎರಡು ಮಹಾಯುದ್ಧಗಳಲ್ಲಿ ಎರಡು ಸಲ ಜರ್ಮನ್ ಸೇನೆ ನುಗ್ಗಿದ ದೇಶ ಅದು. ಆ ಸಿಟ್ಟಿನಲ್ಲಿ ನ್ಯಾಯವಿತ್ತು. ಲೆಪ್‌ಮನ್ ಆ ಉತ್ತರವನ್ನು ಕಡತಕ್ಕೆ ಸೇರಿಸಿ ಸುಮ್ಮನಾಗಲಿಲ್ಲ. ಮತ್ತೊಂದು ಪತ್ರ ಬರೆದರು. ಮೂರನೇ ಸಲ ಹಾಗೆ ಆಗಬಾರದೆಂದಾದರೆ ಈ ಮಕ್ಕಳಿಗೆ ಹೊಸದಾಗಿ ಶುರುಮಾಡಲು ಒಂದು ಅವಕಾಶ ಬೇಕು ಎಂದು ವಿವರಿಸಿದರು. ಬೆಲ್ಜಿಯಂ ಮನಸ್ಸು ಬದಲಿಸಿ ಬಹಳ ಒಳ್ಳೆಯ ಸಂಗ್ರಹವನ್ನೇ ಕಳಿಸಿತು. ನಿರಾಕರಿಸಿದವರ ನೋವನ್ನು ಅಲ್ಲಗಳೆಯದೆ, ಅದೇ ನೋವನ್ನು ಕೊಡುವುದಕ್ಕೆ ಕಾರಣವಾಗಿ ತೋರಿಸಿದ್ದು ಅವರ ಜಾಣ್ಮೆ. ಅವರ ಜೀವನದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡ ಪ್ರಸಂಗ ಇದು.

1946ರ ಜುಲೈ 3ರಂದು ಮ್ಯೂನಿಕ್ ನಗರದ ಹೌಸ್ ದೆರ್ ಕುನ್ಸ್ಟ್ ಎಂಬ ಕಲಾಭವನದಲ್ಲಿ ಅಂತಾರಾಷ್ಟ್ರೀಯ ಮಕ್ಕಳ ಪುಸ್ತಕಗಳ ಪ್ರದರ್ಶನ ಆರಂಭವಾಯಿತು. ಹದಿನಾಲ್ಕು ದೇಶಗಳಿಂದ ಬಂದ ಸುಮಾರು 4000 ಪುಸ್ತಕಗಳು ಅಲ್ಲಿದ್ದವು. ಹಿಟ್ಲರ್ ತನಗೆ ಒಪ್ಪಿಗೆಯಾದ ಕಲೆಯನ್ನಷ್ಟೇ ಮೆರೆಸಲು ಕಟ್ಟಿಸಿದ ಭವನ ಅದು. ಅದೇ ಸಭಾಂಗಣಗಳಲ್ಲಿ ಈಗ ನಾನಾ ದೇಶದ ಕಥೆಪುಸ್ತಕಗಳನ್ನು ಮಕ್ಕಳು ತಿರುವಿಹಾಕತೊಡಗಿದರು. ಜರ್ಮನಿಯ ಪ್ರಕಾಶಕರಿಗೂ ಹೊರಗಿನ ಮಕ್ಕಳ ಸಾಹಿತ್ಯ ಎಲ್ಲಿಗೆ ಬಂದಿದೆ ಎಂದು ನೋಡುವ ಅವಕಾಶ ಸಿಕ್ಕಿತು. ಪ್ರದರ್ಶನ ಮ್ಯೂನಿಕ್ಕಿನಿಂದ ಸ್ಟುಟ್‌ಗಾರ್ಟ್, ಫ್ರಾಂಕ್‌ಫರ್ಟ್, ಬರ್ಲಿನ್ ಮುಂತಾದ ನಗರಗಳಿಗೆ ಹೋಯಿತು.

ನೋಡಲು ಬಂದ ಮಕ್ಕಳಿಗೆ ಮನೆಗೆ ಒಯ್ಯಲು ಮಾತ್ರ ಒಂದು ಪುಸ್ತಕವೂ ಇರಲಿಲ್ಲ. ಅಮೆರಿಕದ ಮನ್ರೋ ಲೀಫ್ ಬರೆದ ಫರ್ಡಿನೆಂಡ್ ಎಂಬ ಹೋರಿಯ ಕಥೆಯನ್ನು ಲೆಪ್‌ಮನ್ ಒಂದೇ ರಾತ್ರಿಯಲ್ಲಿ ಜರ್ಮನ್ ಭಾಷೆಗೆ ತಂದರು. ಕಾಳಗಕ್ಕೆ ಎಳೆದೊಯ್ದರೂ ಕಾದಾಡದೆ ಹೂವಿನ ವಾಸನೆ ನೋಡುತ್ತಾ ಕೂರುವ ಹೋರಿ ಅದು. ಅದನ್ನು ಪತ್ರಿಕೆ ಅಚ್ಚುಹಾಕುವ ಅಗ್ಗದ ಕಾಗದದ ಮೇಲೆ 30,000 ಪ್ರತಿ ಮುದ್ರಿಸಿ ಬರ್ಲಿನ್ನಿನ ಪ್ರದರ್ಶನಕ್ಕೆ ಬಂದ ಮಕ್ಕಳಿಗೆ ಹಂಚಿದರು. ರಟ್ಟಿಲ್ಲ, ಹೊಳಪಿನ ಕಾಗದವಿಲ್ಲ. ಆದರೆ ಪುಸ್ತಕ ಆ ಮಗುವಿನದು.

ಮ್ಯೂನಿಕ್ಕಿನ ಗ್ರಂಥಾಲಯ

ಪ್ರದರ್ಶನ ಎಷ್ಟೇ ಚೆನ್ನಾಗಿದ್ದರೂ ಒಂದು ದಿನ ಮುಗಿಯುತ್ತದೆ. ಬಂದ ಪುಸ್ತಕಗಳಿಗೆ ಕಾಯಂ ಮನೆ ಬೇಕು ಎಂದು ಲೆಪ್‌ಮನ್ ಯೋಚಿಸಿದರು. ಅಮೆರಿಕದ ಮಾಜಿ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಅವರ ಬೆಂಬಲ ಪಡೆದರು. ಅಮೆರಿಕಕ್ಕೆ ಹೋಗಿ ಗ್ರಂಥಪಾಲಕರನ್ನು, ದಾನಿಗಳನ್ನು ಕಂಡರು. ರಾಕ್‌ಫೆಲ್ಲರ್ ಪ್ರತಿಷ್ಠಾನ ಹಣ ಕೊಡಲು ಒಪ್ಪಿತು. 1949ರ ಸೆಪ್ಟೆಂಬರ್ 14ರಂದು ಮ್ಯೂನಿಕ್ಕಿನ ಕೌಲ್‌ಬಾಖ್ ಬೀದಿಯ ಒಂದು ಹಳೆಯ ಬಂಗಲೆಯಲ್ಲಿ ಅಂತಾರಾಷ್ಟ್ರೀಯ ಯುವಜನ ಗ್ರಂಥಾಲಯ ತೆರೆಯಿತು. ಲೆಪ್‌ಮನ್ ಅದರ ನಿರ್ದೇಶಕಿಯಾದರು.

ಬೋಧನಾಭ್ಯಾಸ ಮಾಡುವ ನಾವು ಗಮನಿಸಬೇಕಾದ್ದು ಆ ಗ್ರಂಥಾಲಯ ನಡೆಯುತ್ತಿದ್ದ ರೀತಿಯನ್ನು. ಕಪಾಟುಗಳಿಗೆ ಬೀಗವಿರಲಿಲ್ಲ. ಮಗು ತಾನೇ ಹೋಗಿ, ತಾನೇ ಮುಟ್ಟಿ, ತಾನೇ ಆರಿಸಿಕೊಳ್ಳಬಹುದಿತ್ತು. ಆ ಕಾಲದ ಜರ್ಮನಿಯಲ್ಲಿ ಇದು ಅಪರೂಪದ ವ್ಯವಸ್ಥೆ. ಓದಿದ ಪುಸ್ತಕದ ಬಗ್ಗೆ ಮಕ್ಕಳು ಗುಂಪಾಗಿ ಕುಳಿತು ಚರ್ಚಿಸುತ್ತಿದ್ದರು, ತಮಗೆ ಹಿಡಿಸಿತೋ ಇಲ್ಲವೋ ಎಂದು ವಿಮರ್ಶೆ ಬರೆಯುತ್ತಿದ್ದರು. ಚಿತ್ರ ಬರೆಯಲು ಪ್ರತ್ಯೇಕ ಚಿತ್ರಶಾಲೆಯಿತ್ತು. ಬೇರೆ ದೇಶದ ಭಾಷೆ ಕಲಿಸುವ ತರಗತಿಗಳಿದ್ದವು. ನಾಟಕದ ಗುಂಪಿಗೆ ಎರಿಕ್ ಕೆಸ್ಟ್ನರ್ ಬಂದು ನೆರವಾಗುತ್ತಿದ್ದರು. ದೊಡ್ಡ ಹುಡುಗ ಹುಡುಗಿಯರು ವಿಶ್ವಸಂಸ್ಥೆಯ ಮಾದರಿಯಲ್ಲಿ ಸಭೆ ಸೇರಿ ವಾದಿಸುತ್ತಿದ್ದರು.

ಕೇಳಿದ್ದಕ್ಕೆಲ್ಲ ಒಂದೇ ಸರಿಯುತ್ತರ ಹೇಳಿ ಬೆಳೆದಿದ್ದ ಮಕ್ಕಳು ಇವರು. ಅವರಿಗೆ ಒಂದು ಪುಸ್ತಕ ಕೊಟ್ಟು, ಇದು ನಿನಗೆ ಹೇಗನಿಸಿತು ಎಂದು ಕೇಳುವುದೇ ದೊಡ್ಡ ಶಿಕ್ಷಣ. ನಾವು ರಚನಾವಾದ ಎಂದು ಟಿಪ್ಪಣಿ ಬರೆದುಕೊಳ್ಳುವ ವಿಷಯವನ್ನು ಅವರು ಆ ಬಂಗಲೆಯ ಕೋಣೆಗಳಲ್ಲಿ ದಿನವೂ ಮಾಡಿಸಿದರು.

ಕೆಸ್ಟ್ನರ್ ಅವರ ಪ್ರಸಿದ್ಧ ಕೃತಿ ಪ್ರಾಣಿಗಳ ಸಮ್ಮೇಳನ 1949ರಲ್ಲಿ ಬಂತು. ಮನುಷ್ಯರ ಸಭೆಗಳಿಂದ ಶಾಂತಿ ಬಾರದಿದ್ದಾಗ ಪ್ರಾಣಿಗಳೇ ಮಕ್ಕಳಿಗಾಗಿ ಸಭೆ ಸೇರುವ ಆ ಕಥೆಯ ಮೂಲ ಕಲ್ಪನೆ ಲೆಪ್‌ಮನ್ ಅವರದು. ಮಲಗುವ ಮುನ್ನ ಮಕ್ಕಳಿಗೆ ಹೇಳುವ ಕಥೆಗಳನ್ನು ಸಂಗ್ರಹಿಸಿ 1951ರಲ್ಲಿ ಅವರೇ ಒಂದು ಪುಸ್ತಕವನ್ನೂ ತಂದರು.

ಒಂದು ಊರಿನಿಂದ ಜಗತ್ತಿಗೆ

1951ರ ನವೆಂಬರಿನಲ್ಲಿ ಲೆಪ್‌ಮನ್ ಮ್ಯೂನಿಕ್ಕಿನಲ್ಲಿ ಲೇಖಕರು, ಪ್ರಕಾಶಕರು, ಶಿಕ್ಷಕರು, ಗ್ರಂಥಪಾಲಕರನ್ನು ಒಂದೆಡೆ ಸೇರಿಸಿದರು. ಮಕ್ಕಳ ಪುಸ್ತಕಗಳ ಮೂಲಕ ದೇಶಗಳ ನಡುವೆ ತಿಳಿವಳಿಕೆ ಬೆಳೆಸುವುದು ಸಭೆಯ ವಿಷಯ. ಅದರ ಫಲವಾಗಿ 1953ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಐಬಿಬಿವೈ, ಅಂದರೆ ಮಕ್ಕಳ ಪುಸ್ತಕಗಳ ಅಂತಾರಾಷ್ಟ್ರೀಯ ಮಂಡಲಿ ಸ್ಥಾಪನೆಯಾಯಿತು. ಮಕ್ಕಳ ಸಾಹಿತ್ಯದ ಅತಿ ದೊಡ್ಡ ಗೌರವವಾದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿಯನ್ನು ಅದು 1956ರಿಂದ ಕೊಡುತ್ತಿದೆ. ಮೊದಲು ಪಡೆದವರು ಇಂಗ್ಲೆಂಡಿನ ಎಲಿನಾರ್ ಫಾರ್ಜನ್. ವ್ಯಂಗ್ಯಚಿತ್ರಕಾರ ಶಂಕರ್ ಪಿಳ್ಳೆ ಅವರು ದೆಹಲಿಯಲ್ಲಿ ಆರಂಭಿಸಿದ ಮಕ್ಕಳ ಲೇಖಕರ ಮತ್ತು ಚಿತ್ರಕಾರರ ಸಂಘ ಈ ಮಂಡಲಿಯ ಭಾರತ ಶಾಖೆಯಾಗಿದೆ. 1998ರಲ್ಲಿ ಮಂಡಲಿಯ ಸಮ್ಮೇಳನ ನವದೆಹಲಿಯಲ್ಲೇ ನಡೆಯಿತು.

ಲೆಪ್‌ಮನ್ 1957ರಲ್ಲಿ ಗ್ರಂಥಾಲಯದ ಹೊಣೆಯನ್ನು ಬೇರೆಯವರಿಗೆ ವಹಿಸಿ ಜ್ಯೂರಿಕ್‌ನಲ್ಲಿ ನೆಲೆಸಿದರು. 1964ರಲ್ಲಿ ತಮ್ಮ ಅನುಭವಗಳನ್ನು ಬರೆದು ಪ್ರಕಟಿಸಿದರು. ಮಕ್ಕಳ ಪುಸ್ತಕಗಳ ಸೇತುವೆ ಎಂಬುದು ಆ ಪುಸ್ತಕದ ಹೆಸರಿನ ಅರ್ಥ. 1970ರ ಅಕ್ಟೋಬರ್ 4ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು. ಅವರ ಗ್ರಂಥಾಲಯ 1983ರಲ್ಲಿ ಮ್ಯೂನಿಕ್ಕಿನ ಬ್ಲುಟೆನ್‌ಬುರ್ಗ್ ಕೋಟೆಗೆ ಸ್ಥಳಾಂತರವಾಯಿತು. ಇಂದು ಅಲ್ಲಿ ಆರು ಲಕ್ಷಕ್ಕೂ ಹೆಚ್ಚು ಪುಸ್ತಕಗಳಿವೆ.

ನಮ್ಮ ಬೋಧನಾಭ್ಯಾಸಕ್ಕೆ ಏನು ಸಂಬಂಧ?

ಈ ಜೀವನವನ್ನು ಓದುವಾಗ ನನ್ನ ಮನಸ್ಸು ಮತ್ತೆ ಮತ್ತೆ ನಮ್ಮ ಶಾಲೆಗಳ ಕಡೆಗೆ ಹೋಗುತ್ತಿತ್ತು. ನಮ್ಮಲ್ಲಿ ಪುಸ್ತಕಗಳೇ ಇಲ್ಲವೆಂದು ಹೇಳುವಂತಿಲ್ಲ. ನಾನು ಪಾಠ ಮಾಡಿದ ಪ್ರೌಢಶಾಲೆಯಲ್ಲಿ ಎರಡು ಗಾಡ್ರೇಜ್ ಬೀರುಗಳ ತುಂಬ ಕಥೆ, ಜೀವನಚರಿತ್ರೆ, ವಿಜ್ಞಾನದ ಪುಸ್ತಕಗಳಿದ್ದವು. ಬೀಗದ ಕೈ ಹಿರಿಯ ಶಿಕ್ಷಕರೊಬ್ಬರ ಹತ್ತಿರ. ಅವರಿಗೆ ವಾರಕ್ಕೆ ಇಪ್ಪತ್ತಕ್ಕೂ ಹೆಚ್ಚು ಪೀರಿಯಡ್, ಜೊತೆಗೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ. ಗ್ರಂಥಾಲಯ ಅವರಿಗೆ ಹೆಚ್ಚುವರಿ ಹೊಣೆ. ಪುಸ್ತಕ ಹರಿದರೆ, ಕಳೆದರೆ ದಾಸ್ತಾನು ವಹಿಯಲ್ಲಿ ಉತ್ತರ ಕೊಡಬೇಕಾದವರೂ ಅವರೇ. ಹಾಗಾಗಿ ಬೀರು ತೆರೆಯದಿರುವುದೇ ಅವರಿಗೆ ಸುರಕ್ಷಿತ. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ತಪ್ಪು ವ್ಯಕ್ತಿಯದಲ್ಲ. ಈ ಕೆಲಸವನ್ನು ಯಾರದೋ ಬಿಡುವಿನ ಕೆಲಸವೆಂದು ಎಣಿಸಿರುವುದೇ ತಪ್ಪು.

ಅದರ ಪರಿಣಾಮವನ್ನು ನಾನು ವಿಜ್ಞಾನದ ತರಗತಿಯಲ್ಲಿ ಕಂಡೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಬಲ ಮತ್ತು ಚಲನೆಯ ಪ್ರಯೋಗ ತೋರಿಸಿದರೆ ಕಣ್ಣರಳಿಸಿ ನೋಡುತ್ತಾರೆ, ಬಾಯಲ್ಲಿ ಸರಿಯಾಗಿಯೇ ವಿವರಿಸುತ್ತಾರೆ. ಅದನ್ನೇ ಪಠ್ಯದಲ್ಲಿ ಓದಿ ಲೆಕ್ಕ ಮಾಡಿ ಎಂದರೆ ಹಲವರು ನಿಂತುಬಿಡುತ್ತಾರೆ. ಅವರಿಗೆ ಕಷ್ಟವಾದದ್ದು ಭೌತವಿಜ್ಞಾನ ಅಲ್ಲ, ಎರಡು ಸಾಲಿನ ವಾಕ್ಯ. ಪಠ್ಯಪುಸ್ತಕ ಬಿಟ್ಟು ಬೇರೆ ಯಾವುದನ್ನೂ ಓದದ ಮಗುವಿಗೆ ಉದ್ದನೆಯ ವಾಕ್ಯ ಕಂಡರೆ ಭಯ. ಕಥೆ ಓದಿ ಅಭ್ಯಾಸವಿದ್ದ ಕೆಲವು ಮಕ್ಕಳು ಮಾತ್ರ ಲೆಕ್ಕವನ್ನು ತಾವೇ ಬಿಡಿಸಿಕೊಂಡರು. ಆದ್ದರಿಂದ ಓದಿಸುವುದು ಕನ್ನಡ ಪಂಡಿತರ ಕೆಲಸ ಎಂದು ವಿಜ್ಞಾನದವರು ಕೈತೊಳೆದುಕೊಳ್ಳುವಂತಿಲ್ಲ.

ಲೆಪ್‌ಮನ್ ಅವರ ವೃತ್ತಿಜೀವನವನ್ನು ಬಿಡಿಸಿ ನೋಡಿದರೆ ಮಕ್ಕಳ ಓದಿನ ಕಾರ್ಯಕ್ರಮ ನಡೆಸುವವರ ಕೆಲಸ ಏನೇನು ಎಂಬುದು ಗೊತ್ತಾಗುತ್ತದೆ. ಪುಸ್ತಕ ಕೇಳಿ ತರಬೇಕು, ಇಲ್ಲವೆಂದವರನ್ನು ಮತ್ತೊಮ್ಮೆ ಕೇಳಬೇಕು. ಬಂದದ್ದರಲ್ಲಿ ಮಕ್ಕಳಿಗೆ ತಕ್ಕದ್ದನ್ನು ಆರಿಸಬೇಕು. ಇಲ್ಲದ್ದನ್ನು ಅನುವಾದಿಸಿಯಾದರೂ ಒದಗಿಸಬೇಕು. ಓದಿದ ಮೇಲೆ ಮಾತು, ಚಿತ್ರ, ನಾಟಕ, ಬರವಣಿಗೆಗೆ ದಾರಿ ಮಾಡಬೇಕು. ಹಣ ಹೊಂದಿಸಿ ಲೆಕ್ಕ ಇಡಬೇಕು. ಕೊನೆಗೆ, ತಾನಿಲ್ಲದಿದ್ದರೂ ನಡೆಯುವಂತೆ ಸಂಸ್ಥೆ ಕಟ್ಟಬೇಕು. ಇದರಲ್ಲಿ ಯಾವುದೂ ಪಾಠದ ನಡುವಿನ ಹತ್ತು ನಿಮಿಷದಲ್ಲಿ ಆಗುವಂಥದ್ದಲ್ಲ.

ನಮ್ಮ ಬ್ಯಾಚಿನಲ್ಲಿ ಮುಂದಿನ ಯೋಜನೆ ಕೇಳಿದರೆ ಹೆಚ್ಚಿನವರು ಟಿಇಟಿ, ಆಮೇಲೆ ನೇಮಕಾತಿ ಎನ್ನುತ್ತಾರೆ. ಮನೆಯವರ ಆಸೆಯೂ ಅದೇ. ಅದರಲ್ಲಿ ತಪ್ಪೇನಿಲ್ಲ, ನಾನೂ ಅರ್ಜಿ ಹಾಕುವವಳೇ. ಆದರೆ ಶಿಕ್ಷಕ ತರಬೇತಿ ಪಡೆದವರಿಗೆ ಇನ್ನೊಂದು ದಾರಿಯೂ ಇದೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಆರಂಭವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಗುತ್ತಿದೆ. ಮಕ್ಕಳ ಓದಿನ ಮೇಲೆ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳೂ ಇವೆ. ಇಲ್ಲೆಲ್ಲ ಮಕ್ಕಳ ಮನಸ್ಸು ಬಲ್ಲ, ಚಟುವಟಿಕೆ ಯೋಜಿಸಬಲ್ಲ ಜನ ಬೇಕು. ನಾವು ಎರಡು ವರ್ಷ ಕಲಿಯುವುದು ಅದನ್ನೇ.

ಶಾಲೆಯೊಳಗೇ ಇರುವವರೂ ಕಾಯಬೇಕಾಗಿಲ್ಲ. ಮುಂದಿನ ಬೋಧನಾಭ್ಯಾಸಕ್ಕೆ ಹೋಗುವ ಕಿರಿಯ ಗೆಳೆಯ ಗೆಳತಿಯರಿಗೆ ನನ್ನ ಸಲಹೆ ಇಷ್ಟೇ. ಮೊದಲ ವಾರದಲ್ಲೇ ಮುಖ್ಯೋಪಾಧ್ಯಾಯರ ಅನುಮತಿ ಕೇಳಿ, ನಿಮ್ಮ ತರಗತಿಗೆ ಮೂವತ್ತು ಪುಸ್ತಕಗಳನ್ನು ನಿಮ್ಮ ಸಹಿಯ ಮೇಲೆ ಪಡೆಯಿರಿ. ಪುಸ್ತಕದ ಹೊಣೆ ನಿಮ್ಮದಾದಾಗ ಬೀಗದ ಕೈ ಇಟ್ಟುಕೊಂಡವರ ಆತಂಕ ಕಡಿಮೆಯಾಗುತ್ತದೆ. ಕಿಟಕಿಯ ಹತ್ತಿರ ಒಂದು ಹಗ್ಗ ಕಟ್ಟಿ ಮುಖಪುಟ ಕಾಣುವಂತೆ ತೂಗುಹಾಕಿ. ಯಾವ ಮಗು ಯಾವುದನ್ನು ಒಯ್ಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಮಕ್ಕಳ ಕೈಯಲ್ಲೇ ಬರೆಸಿ. ಶನಿವಾರ ಹದಿನೈದು ನಿಮಿಷ ಓದಿದ್ದರ ಬಗ್ಗೆ ಮಾತನಾಡಲು ಬಿಡಿ. ಅಂಕ ಕೊಡಬೇಡಿ, ನೀತಿ ಏನೆಂದು ಕೇಳಬೇಡಿ, ಹಿಡಿಸಲಿಲ್ಲ ಎಂದರೆ ಅದನ್ನೂ ಒಪ್ಪಿಕೊಳ್ಳಿ. ಮೊದಲು ಕೇಳಿದಾಗ ಅನುಮತಿ ಸಿಗದಿದ್ದರೆ, ಅವರ ಕಷ್ಟವೇನೆಂದು ತಿಳಿದುಕೊಂಡು ಎರಡನೇ ಸಲ ಕೇಳಿ. ಬೆಲ್ಜಿಯಂ ಒಪ್ಪಿದ್ದೂ ಎರಡನೇ ಪತ್ರಕ್ಕೇ.